ಜೀವನಚರಿತ್ರೆಯೋ, ನಗಿಸುವ ನೆನಪಿನ ಪುಸ್ತಕವೋ? ಮಳೆಗಾಲದ ಓದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನ ಹೊರಗಿನವರಿಗೆ ಗೊತ್ತಿಲ್ಲದಿರಬಹುದು, ತೋಟದ ರೈಟರ್ ಅಂದ್ರೆ ಪುಸ್ತಕ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಆದರೂ ಆ ಹೆಸರಿಗೆ ಸ್ವಲ್ಪವಾದರೂ ಮರ್ಯಾದೆ ಬರಲಿ ಅಂತ ಏಳು ವರ್ಷದಿಂದ ಒಂದು ಓದುವ ಬಳಗ ನಡೆಸುತ್ತಿದ್ದೇನೆ. 14 ಜನ ಇದ್ದೇವೆ. ಮಳೆ ಹಿಡಿದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹದಿನೈದು ದಿನಕ್ಕೊಮ್ಮೆ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದೇ ಜಗಳ. ಅರ್ಧ ಜನಕ್ಕೆ ರಾಜರ, ಜನರಲ್‌ಗಳ ಜೀವನಚರಿತ್ರೆ ಬೇಕು. ಇನ್ನರ್ಧ ಜನಕ್ಕೆ ಯಾರೋ ತಮ್ಮ ಪಾಡನ್ನು ತಾವೇ ನಗುತ್ತಾ ಬರೆದುಕೊಂಡ ಪುಸ್ತಕ ಬೇಕು. ಈಗ ಪೊನ್ನಂಪೇಟೆ, ಸೋಮವಾರಪೇಟೆ ಕಡೆಯಿಂದಲೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಒಂದೊಂದೇ ಫೋನಿಗೆ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಉದ್ದ ಎಲ್ಲ ಬೇಡ, ಒಂದೇ ಮಾತಲ್ಲಿ ಹೇಳಿ. ಯಾವುದು ತಗೊಳ್ಳಲಿ?

ಗಟ್ಟಿಯಾಗಿ ಓದಿ ನಾಲ್ಕು ಜನಕ್ಕೆ ಕೇಳಿಸುವುದಾದರೆ ನಗಿಸುವ ನೆನಪು. ಒಬ್ಬರೇ ಕೂತು ಓದುವುದಾದರೆ, ಕೈಯಲ್ಲಿ ಒಂದು ತಿಂಗಳು ಇದ್ದರೆ, ಜೀವನಚರಿತ್ರೆ.

ಕೊಯ್ಲಿನ ಟೈಮಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ತೋಟದವರು ಯಾರೂ ಜೀವನಚರಿತ್ರೆಗೆ ಕೈ ಹಾಕಬೇಡಿ. ಕಣದಲ್ಲಿ ಕಾಫಿ ತಿರುವಿ ಬಂದು ರಾತ್ರಿ ಒಂಬತ್ತಕ್ಕೆ ಪುಸ್ತಕ ಬಿಡಿಸಿದರೆ ಯಾವ ರಾಜನ ಅಪ್ಪ ಯಾರು ಅಂತ ನೆನಪಿರುವುದಿಲ್ಲ. ಕೊಡಗನ್ನು ಆಳಿದ ಹಾಲೇರಿ ವಂಶದಲ್ಲಂತೂ ವೀರರಾಜ, ಲಿಂಗರಾಜ ಅಂತ ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ.

ಎರಡೂ ಒಬ್ಬರ ಬದುಕಿನ ಕಥೆ ತಾನೆ? ಏನು ಅಂಥ ವ್ಯತ್ಯಾಸ?

ಬೇರೆಯವರ ಬದುಕು ಬರೆಯುವವನನ್ನು ನಾವು ಕೇಳಬೇಕಾದದ್ದು ಒಂದೇ ಪ್ರಶ್ನೆ: "ನಿನಗೆ ಹೇಗೆ ಗೊತ್ತು?" 1834ರಲ್ಲಿ ಕೊಡಗಿನ ಕೊನೆಯ ರಾಜ ಬ್ರಿಟಿಷರಿಗೆ ಶರಣಾದ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ ಅಂತ ಬರೆದರೆ, ಪಕ್ಕದಲ್ಲಿ ಯಾರಿದ್ದರು, ಯಾರು ಬರೆದಿಟ್ಟರು ಅಂತ ಅವನು ಹೇಳಬೇಕು.

ತನ್ನ ಬದುಕನ್ನೇ ಬರೆಯುವವನಿಗೆ ಈ ಪ್ರಶ್ನೆ ಹಾಕಿ ಪ್ರಯೋಜನ ಇಲ್ಲ, ಅವನಿಗೆ ಗೊತ್ತೇ ಇರುತ್ತದೆ. ಅವನನ್ನು ಬೇರೆ ಕೇಳಬೇಕು: "ಯಾರನ್ನು ನೋಡಿ ನಗುತ್ತಿದ್ದೀಯಪ್ಪಾ?" ತನ್ನನ್ನು ನೋಡಿ ನಗುತ್ತಿದ್ದರೆ ಪುಸ್ತಕ ಕೊಳ್ಳಿ. ಹೆಂಡತಿ, ಅಡುಗೆಯವನು, ಬಸ್ ಕಂಡಕ್ಟರ್, ಹೀಗೆ ಬೇರೆಯವರೇ ಸಾಲಾಗಿ ನಗೆಪಾಟಲಾಗುತ್ತಾ ಹೋಗಿ ಬರೆದವನು ಮಾತ್ರ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದರೆ ವಾಪಸ್ ಇಡಿ.

ನಾನು ಪುಸ್ತಕ ಆರಿಸುವುದು ಈ ಎರಡು ಪ್ರಶ್ನೆಯಿಂದಲೇ. ಹೆಸರು, ಪ್ರಶಸ್ತಿ, ರಕ್ಷಾಪುಟದ ಫೋಟೋ ಎಲ್ಲ ಆಮೇಲೆ.

ಆತ್ಮಕಥೆನೂ ನೆನಪಿನ ಪುಸ್ತಕನೂ ಒಂದೇನಾ?

ಅಲ್ಲ. ಆತ್ಮಕಥೆ ಹುಟ್ಟಿದ ಊರಿಂದ ಶುರುವಾಗಿ ಪೆನ್ಷನ್‌ವರೆಗೆ ಬರುತ್ತದೆ. ನೆನಪಿನ ಪುಸ್ತಕ ಒಂದು ತುಂಡು ಸಾಕು ಅನ್ನುತ್ತದೆ, ಹಾಸ್ಟೆಲಿನ ಮೂರು ವರ್ಷವೋ ಮೊದಲ ಕೆಲಸವೋ ಏನೋ ಒಂದು. ನಗಿಸುವುದಕ್ಕೆ ತುಂಡೇ ಒಳ್ಳೆಯದು.

ನಿಮ್ಮ ಬಳಗದಲ್ಲಿ ಯಾವುದು ಜಾಸ್ತಿ ನಡೆದಿದೆ?

ನಿಜ ಹೇಳಬೇಕೆಂದರೆ ಮೊದಲೆರಡು ವರ್ಷ ಎರಡೂ ಕೈಕೊಟ್ಟವು.

ಮೊದಲ ವರ್ಷ ಹುಮ್ಮಸ್ಸಿನಲ್ಲಿ ಆರುನೂರು ಪುಟದ ಒಂದು ಜೀವನಚರಿತ್ರೆ ತಂದೆವು. ಜೂನ್ ಮೊದಲ ಭಾನುವಾರ ಎಲ್ಲರೂ ಪುಸ್ತಕಕ್ಕೆ ಕವರ್ ಹಾಕಿಕೊಂಡು ಬಂದಿದ್ದರು, ಶಾಲೆಗೆ ಸೇರಿದ ಮಕ್ಕಳ ಹಾಗೆ. ಎರಡನೇ ಸಲ ಸೇರುವಾಗ ನಾಲ್ಕೇ ಜನ ಅರುವತ್ತನೇ ಪುಟ ದಾಟಿದ್ದರು. ಉಳಿದ ಹತ್ತು ಜನ "ಕರೆಂಟ್ ಇರಲಿಲ್ಲ" ಅಂದರು. ಕರೆಂಟ್ ಇರಲಿಲ್ಲ ನಿಜವೇ, ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ನಾಲ್ಕು ದಿನ ಕತ್ತಲೆ, ಆದರೆ ಅದೇ ಕತ್ತಲೆಯಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ವಿಡಿಯೋ ನೋಡಿದವರೂ ಇದ್ದರು. ಆ ದಿನ ಕಣಿಲೆ (ಎಳೆ ಬಿದಿರು) ಪಲ್ಯದ ಬಗ್ಗೆಯೇ ಚರ್ಚೆ ಆಯಿತು.

ಎರಡನೇ ವರ್ಷ ಬುದ್ಧಿ ಬಂತು ಅಂತ ನೂರೈವತ್ತು ಪುಟದ ನಗೆ ಪುಸ್ತಕ ತಂದೆವು. ಎಲ್ಲರೂ ಮೂರೇ ದಿನಕ್ಕೆ ಮುಗಿಸಿದರು. ಸೇರಿದಾಗ ಏನಾಯಿತು ಗೊತ್ತಾ? "ಆ ಸೈಕಲ್ಲಿನ ಜೋಕ್ ಚೆನ್ನಾಗಿತ್ತು." "ಹೌದು, ಚೆನ್ನಾಗಿತ್ತು." ಆಮೇಲೆ ಮೌನ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಾ ಕೂತಿದ್ದೆವು.

ಮೂರನೇ ವರ್ಷದಿಂದ ಜೂನ್‌ನಲ್ಲಿ ತೆಳ್ಳಗಿನ ನೆನಪು, ಜುಲೈ ಆಗಸ್ಟ್‌ನಲ್ಲಿ ಜೀವನಚರಿತ್ರೆ. ನೆನಪಿನ ಪುಸ್ತಕ ಓದಿದವರು ಸುಮ್ನೆ ಕೂರುವುದಿಲ್ಲ, ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ. ಹೇಳಿದ ಮೇಲೆ ಪಕ್ಕದವರು "ಅದು ಹಾಗಲ್ಲ, ಹೀಗೆ ಆಗಿದ್ದು" ಅಂತ ತಿದ್ದುತ್ತಾರೆ. ಆ ತಿದ್ದಾಟ ರೂಢಿ ಆದ ಮೇಲೆ ಜೀವನಚರಿತ್ರೆ ಕೈಗೆ ಕೊಟ್ಟರೆ ಅದನ್ನೂ ಹಾಗೇ ಹಿಡಿದು ಜಗ್ಗುತ್ತಾರೆ.

ದಪ್ಪ ಜೀವನಚರಿತ್ರೆ. ಬೆಲೆಯೂ ಜಾಸ್ತಿ. ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡೋದು ಹೇಗೆ?

ಮೊದಲು ಅಚ್ಚಾದ ವರ್ಷ ನೋಡಿ. ಇದು ತುಂಬಾ ಜನ ಮಾಡುವುದಿಲ್ಲ. ನಮ್ಮ ಜನರಲ್ ತಿಮ್ಮಯ್ಯನವರನ್ನೇ ತಗೊಳ್ಳಿ. ಅವರ ಬಗ್ಗೆ ಒಂದು ಇಂಗ್ಲಿಷ್ ಜೀವನಚರಿತ್ರೆ 1960ರಲ್ಲೇ ಬಂದಿದೆ. ಆದರೆ ಅವರು ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದು 1961ರಲ್ಲಿ. ಆಮೇಲೆ ಸೈಪ್ರಸ್‌ಗೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. 1960ರ ಪುಸ್ತಕದಲ್ಲಿ ಇದೆಲ್ಲ ಇರಲು ಸಾಧ್ಯವೇ ಇಲ್ಲ. ಅದು ಪುಸ್ತಕದ ತಪ್ಪಲ್ಲ, ಆದರೆ ಪೂರ್ತಿ ಜೀವನ ಓದಿದೆ ಅಂತ ನೀವು ಅಂದುಕೊಂಡರೆ ನಿಮ್ಮ ತಪ್ಪು. ಬದುಕಿರುವವರ ಬಗ್ಗೆ ಬರೆದ ಜೀವನಚರಿತ್ರೆಗೆ ಇನ್ನೊಂದು ತೊಂದರೆ ಇದೆ, ಬರೆಯುವವನು ಅವರ ಮನೆಯಲ್ಲಿ ಕಾಫಿ ಕುಡಿದಿರುತ್ತಾನೆ.

ಎರಡನೆಯದು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ವಿಷಯ ಹುಡುಕಿ. ನನ್ನ ಪರೀಕ್ಷೆ ಕಾರ್ಯಪ್ಪನವರದ್ದು. ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದು 1949ರ ಜನವರಿ 15ರಂದು, ಅದಕ್ಕೇ ಆ ದಿನ ಸೇನಾ ದಿನ. ನಿವೃತ್ತಿ 1953ರಲ್ಲಿ. ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿದ್ದು 1986ರಲ್ಲಿ, ಅಂದರೆ ನಿವೃತ್ತರಾಗಿ 33 ವರ್ಷ ಆದ ಮೇಲೆ. "1949ರಲ್ಲಿ ಫೀಲ್ಡ್ ಮಾರ್ಷಲ್ ಆಗಿ ಅಧಿಕಾರ ವಹಿಸಿಕೊಂಡರು" ಅಂತ ಕಂಡರೆ ಪುಸ್ತಕ ಮುಚ್ಚಿ ಇಡುತ್ತೇನೆ. ಅಷ್ಟು ದೊಡ್ಡ ವಿಷಯವನ್ನೇ ನೋಡದವನು ಸಣ್ಣ ವಿಷಯಗಳನ್ನು ಹೇಗೆ ನೋಡಿರುತ್ತಾನೆ?

ಮೂರನೆಯದು ದಂತಕಥೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ. ಅವನು ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ್ದ, ಆ ಪ್ರೇತದ ಕಾಟ ತಡೆಯಲಾರದೆ ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಜೀವನಚರಿತ್ರೆಕಾರ ಈ ಕಥೆಯನ್ನು ಬಿಡುವುದಿಲ್ಲ, ಬಿಟ್ಟರೆ ರುಚಿ ಇರುವುದಿಲ್ಲ. ಆದರೆ "ಎಂದು ಹೇಳುತ್ತಾರೆ" ಅನ್ನುವ ಎರಡು ಪದ ಸೇರಿಸುತ್ತಾನೆ. ಆ ಎರಡು ಪದಕ್ಕೆ ನಾನು ದುಡ್ಡು ಕೊಡುತ್ತೇನೆ.

ನಕ್ಷೆ, ವಂಶವೃಕ್ಷ, ಕೊನೆಯಲ್ಲಿ ಟಿಪ್ಪಣಿ ಇದ್ದರೆ ಒಳ್ಳೆಯದು. ಫೋಟೋ ಜಾಸ್ತಿ ಇದ್ದ ಮಾತ್ರಕ್ಕೆ ಮರುಳಾಗಬೇಡಿ.

ಮನೆಯವರೇ ಬರೆದಿದ್ದು, ಅಥವಾ ಅವರೇ ಬರೆಸಿದ್ದು ನಂಬಬಹುದಾ?

ಇದಕ್ಕೆ ಕೊಡಗಿಗಿಂತ ಒಳ್ಳೆಯ ಉದಾಹರಣೆ ಎಲ್ಲೂ ಸಿಗುವುದಿಲ್ಲ. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ತಾನೇ ಕನ್ನಡದಲ್ಲಿ ಬರೆಸಿದ, ಅದೇ ರಾಜೇಂದ್ರನಾಮೆ. 1633ರಿಂದ 1807ರವರೆಗಿನ ಕಥೆ. ಟಿಪ್ಪುವಿನ ಕಾಲದ ಕೊಡಗನ್ನು ಕೊಡಗಿನ ರಾಜನ ಕಣ್ಣಿಂದ ನೋಡಬೇಕಾದರೆ ಅದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಆದರೆ ಬರೆಸಿದವನೇ ನಾಯಕ, ಸಂಬಳ ಕೊಟ್ಟವನೂ ಅವನೇ. ಅಲ್ಲಿ ರಾಜ ತಪ್ಪು ಮಾಡಿದ ಅಂತ ಯಾರು ಬರೆಯುತ್ತಾರೆ? ನಮ್ಮ ತೋಟದ ಹಾಜರಿ ಪುಸ್ತಕದಲ್ಲಿ ನಾನು ಯಾವತ್ತೂ ಲೇಟಾಗಿ ಬಂದದ್ದು ಇಲ್ಲ, ಯಾಕೆಂದರೆ ಬರೆಯುವವನು ನಾನೇ.

ಹಾಗಂತ ಎಸೆಯುವ ಹಾಗಿಲ್ಲ. ಯಾವ ವಿಷಯವನ್ನು ಜೋರಾಗಿ ಹೇಳುತ್ತದೆ, ಎಲ್ಲಿ ಗಡಿಬಿಡಿಯಲ್ಲಿ ದಾಟುತ್ತದೆ ಅಂತ ನೋಡುತ್ತಾ ಓದಿದರೆ ಅದರಷ್ಟು ಮಜಾ ಇನ್ನೊಂದಿಲ್ಲ.

ಮಕ್ಕಳು ಬರೆದದ್ದು ಬೇರೆ ಥರ. ಕಾರ್ಯಪ್ಪನವರ ಮಗ ಏರ್ ಮಾರ್ಷಲ್ ಆಗಿದ್ದವರು, ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದಾರೆ. 1965ರ ಯುದ್ಧದಲ್ಲಿ ಅವರ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾಗಿದ್ದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು, ಮಗನನ್ನು ಬಿಡುತ್ತೇನೆ ಅಂದರು. ಎಲ್ಲ ಸೈನಿಕರಿಗೆ ಏನೋ ನನ್ನ ಮಗನಿಗೂ ಅದೇ, ಅವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂತ ಅಪ್ಪ ಹೇಳಿ ಕಳಿಸಿದರು. ಈ ಕಥೆ ನಮ್ಮಲ್ಲಿ ಮನೆ ಮನೆಯಲ್ಲೂ ಇದೆ, ಒಂದೊಂದು ಮನೆಯಲ್ಲಿ ಒಂದೊಂದು ಡೈಲಾಗ್. ಆದರೆ ಸೆರೆಯಲ್ಲಿ ಕೂತಿದ್ದವನೇ ಬರೆಯುವಾಗ ಅದು ಜೀವನಚರಿತ್ರೆಯೂ ಹೌದು, ನೆನಪೂ ಹೌದು. ಹೊರಗಿನವರಿಗೆ ಸಿಗದ್ದು ಅವರಿಗೆ ಸಿಗುತ್ತದೆ. ಹೊರಗಿನವರು ಕೇಳುವ ಕೆಲವು ಪ್ರಶ್ನೆಗಳನ್ನು ಮಗನಾದವನು ಕೇಳಲಾರ, ಅದೂ ಸಹಜ.

ಗೌರಮ್ಮನ ಜೀವನಚರಿತ್ರೆ ಓದಬೇಕು ಅಂತ ಆಸೆ. ಒಳ್ಳೇದು ಯಾವುದು?

ಯಾವ ಗೌರಮ್ಮ? ಇದು ತಮಾಷೆಯಲ್ಲ, ಇಬ್ಬರಿದ್ದಾರೆ. ಒಂದು ಸಲ ನಮ್ಮ ಬಳಗದಲ್ಲೇ ಅರ್ಧ ಗಂಟೆ ಇಬ್ಬರು ಬೇರೆ ಬೇರೆ ಗೌರಮ್ಮನ ಬಗ್ಗೆ ವಾದ ಮಾಡಿ, ಕೊನೆಗೆ "ಅವಳು ಲಂಡನ್ನಿಗೆ ಹೋದಾಗ" ಅಂದಾಗಲೇ ಗೊತ್ತಾಗಿದ್ದು.

ಒಬ್ಬಳು ಕೊನೆಯ ರಾಜ ಚಿಕವೀರರಾಜೇಂದ್ರನ ಮಗಳು. ಅಪ್ಪ 1852ರಲ್ಲಿ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ಹುಡುಗಿಗೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿ ತನ್ನ ಹೆಸರನ್ನೇ ಕೊಟ್ಟಳು. ಅಪ್ಪ 1859ರಲ್ಲಿ ಲಂಡನ್ನಿನಲ್ಲೇ ಸತ್ತ. ಅವಳು ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾಗಿ 1864ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲೇ, ತೀರಿಕೊಂಡಳು.

ಇನ್ನೊಬ್ಬರು ಕಥೆಗಾರ್ತಿ ಕೊಡಗಿನ ಗೌರಮ್ಮ, 1912ರಲ್ಲಿ ಹುಟ್ಟಿದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡು, ಮೈಮೇಲಿನ ಒಡವೆ ಬಿಚ್ಚಿ ಕೊಟ್ಟವರು. 1939ರಲ್ಲಿ ಈಜಲು ಹೋಗಿ ನೀರುಪಾಲಾದರು. 27 ವರ್ಷ.

ಇಬ್ಬರದೂ ಸಣ್ಣ ಆಯುಸ್ಸು. ಆದರೆ ಜೀವನಚರಿತ್ರೆ ಬರೆಯುವವನಿಗೆ ಕಷ್ಟ ಬೇರೆ ಬೇರೆ. ರಾಜಕುಮಾರಿಯ ಬಗ್ಗೆ ಬರೆದಿಟ್ಟವರು ಹೆಚ್ಚಾಗಿ ಬ್ರಿಟಿಷರು, ರಾಣಿಯ ದಿನಚರಿಯಲ್ಲೂ ಅವಳ ವಿಷಯ ಬರುತ್ತದೆ. ಹಾಗಾಗಿ ಅವಳನ್ನು ನಾವು ನೋಡುವುದು ಬೇರೆಯವರ ಕಿಟಕಿಯಿಂದ. ಕಥೆಗಾರ್ತಿಯ ವಿಷಯದಲ್ಲಿ ಅವರ ಕಥೆಗಳೇ ನಮ್ಮ ಕೈಯಲ್ಲಿವೆ. ಅವರ ಬಗ್ಗೆ ಬರೆದದ್ದನ್ನು ಓದುವ ಮೊದಲು ಅವರದ್ದೇ ನಾಲ್ಕು ಕಥೆ ಓದಿ ಅಂತ ನನ್ನ ಒತ್ತಾಯ.

ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದ್ದೇನೆ. ಇನ್ನು ಜೀವನಚರಿತ್ರೆ ಯಾಕೆ?

ಯಾಕೆಂದರೆ ಅದು ಕಾದಂಬರಿ. 1956ರಲ್ಲಿ ಬಂತು, 1983ರಲ್ಲಿ ಮಾಸ್ತಿಯವರಿಗೆ ಜ್ಞಾನಪೀಠ ಬಂದಾಗ ಮತ್ತೆ ಎಲ್ಲರ ಬಾಯಲ್ಲೂ ಇತ್ತು. ಕೊಡಗಿನ ಹೊರಗಿನ ಎಷ್ಟೋ ಜನಕ್ಕೆ ನಮ್ಮ ಕೊನೆಯ ರಾಜ ಅಂದರೆ ಮಾಸ್ತಿಯವರ ರಾಜನೇ. ಅದು ಕಾದಂಬರಿಕಾರನ ಶಕ್ತಿ. ಆದರೆ ಅಲ್ಲಿ ಇಬ್ಬರು ಕೋಣೆಯೊಳಗೆ ಕೂತು ಆಡಿದ ಮಾತನ್ನು ಚರಿತ್ರೆ ಅಂತ ಹಿಡಿದು ವಾದಕ್ಕೆ ಬರಬೇಡಿ. ಕಾದಂಬರಿ ಓದಿ, ಆಮೇಲೆ ಅದೇ ರಾಜನ ಬಗ್ಗೆ ಚರಿತ್ರೆ ಓದಿ. ಎರಡೂ ಒಂದಕ್ಕೊಂದು ಎಲ್ಲಿ ಒಪ್ಪುವುದಿಲ್ಲ ಅಂತ ಪೆನ್ಸಿಲಲ್ಲಿ ಗುರುತು ಹಾಕಿ. ನಮಗೆ ಎರಡು ಭಾನುವಾರ ಅದರಲ್ಲೇ ಕಳೆಯಿತು.

ಒಂದೇ ಮನುಷ್ಯನ ಬಗ್ಗೆ ಎರಡು ಪುಸ್ತಕ, ಒಂದರಲ್ಲಿ ವೀರ, ಇನ್ನೊಂದರಲ್ಲಿ ಕಳ್ಳ. ಏನು ಮಾಡೋದು?

ಯಾವ ಪದ ಬಳಸಿದ್ದಾರೆ ನೋಡಿ, ಅರ್ಧ ಗೊತ್ತಾಗುತ್ತದೆ. 1837ರಲ್ಲಿ ಕೊಡಗು, ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದು ಮಂಗಳೂರಿನವರೆಗೂ ಹೋದರಲ್ವಾ, ಅದನ್ನು ಹಿಂದಿನವರು ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಿದ್ದರು. ಕಾಟಕಾಯಿ ಅಂದರೆ ದರೋಡೆ, ಲೂಟಿ. ಈಗ ಅಮರ ಸುಳ್ಯ ಸ್ವಾತಂತ್ರ್ಯ ಸಮರ ಅನ್ನುತ್ತೇವೆ. ಘಟನೆ ಅದೇ. ಅದರಲ್ಲಿ ಮುಂದೆ ನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇಂಥವರ ಜೀವನಚರಿತ್ರೆ ಬರೆಯಲು ಕೂತವನಿಗೆ ಸಿಗುವ ಕಾಗದದಲ್ಲಿ ಬಹುಪಾಲು ಗಲ್ಲಿಗೇರಿಸಿದವರೇ ಬರೆದದ್ದು. ಆ ಕಾಗದ ಏನು ಹೇಳುತ್ತದೆ, ಊರಿನ ಬಾಯಿಮಾತು ಏನು ಹೇಳುತ್ತದೆ, ಎರಡನ್ನೂ ಬೇರೆ ಬೇರೆ ಇಟ್ಟು ತೋರಿಸಿದ ಪುಸ್ತಕ ಸಿಕ್ಕರೆ ಬಿಡಬೇಡಿ.

ನಗಿಸುವ ನೆನಪಿನಲ್ಲಿ ಎಷ್ಟು ನಿಜ ಇರುತ್ತೆ? ಸುಳ್ಳು ಸೇರಿಸಿದರೆ ಪರವಾಗಿಲ್ವಾ?

ನಮ್ಮ ಬಳಗದಲ್ಲಿ ಒಬ್ಬರು ನಿವೃತ್ತ ಸುಬೇದಾರ್ ಇದ್ದಾರೆ, ಎಲ್ಲರಿಗೂ ಮಾವ. ಅವರ ಒಂದು ಕಥೆ ಹೇಳುತ್ತೇನೆ.

ಕಕ್ಕಡ ಹದಿನೆಂಟು, ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕೆಲವರು ಆಟಿ ಹದಿನೆಂಟು ಅನ್ನುತ್ತಾರೆ, ಆಗಸ್ಟ್ ಮೊದಲ ವಾರ ಬರುತ್ತದೆ. ಅವತ್ತು ನಮ್ಮಲ್ಲಿ ಮದ್ದು ಸೊಪ್ಪು ಬೇಯಿಸಿ ಆ ನೇರಳೆ ಬಣ್ಣದ ರಸದಲ್ಲಿ ಪಾಯಸವೋ ಪುಟ್ಟೋ ಮಾಡುತ್ತಾರೆ. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಥರದ ಔಷಧ ಸೇರಿರುತ್ತದೆ ಅಂತ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಇದು ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ಮಾವ ಆಗ ಇಪ್ಪತ್ತೆರಡರ ಹುಡುಗ. ರಜಾ ಮುಗಿಯುವ ದಿನವೇ ಹಬ್ಬ. ಅವ್ವ ಬಡಿಸಿದ ಪಾಯಸ ಎರಡು ಬಟ್ಟಲು ಹೊಡೆದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಬೆಳಿಗ್ಗೆ ಡ್ಯೂಟಿಗೆ ಸೇರುವಾಗ ವೈದ್ಯಕೀಯ ತಪಾಸಣೆ. ಬಾಟಲಿ ನೋಡಿ ಡಾಕ್ಟರ್ ಎದ್ದು ನಿಂತರು. "ಏನು ಕುಡಿದಿದ್ದೆ?" "ಪಾಯಸ, ಸಾರ್." ಪಾಯಸ ಅಂದದ್ದಕ್ಕೆ ತಲೆಗೂ ಏನೋ ಆಗಿದೆ ಅಂತ ಬರೆದು ಮಂಚದ ಮೇಲೆ ಮಲಗಿಸಿದರು. ಮರುದಿನ ಬಣ್ಣ ತಾನಾಗೇ ಹೋಯಿತು. ಡಾಕ್ಟರ್ ತಾನು ಕೊಟ್ಟ ಮಾತ್ರೆಯಿಂದ ವಾಸಿ ಆಯಿತು ಅಂತ ಖುಷಿಪಟ್ಟರು.

ಈ ಕಥೆ ನಾನು ಮೂರು ಸಲ ಕೇಳಿದ್ದೇನೆ. ಮೊದಲ ಸಲ ಡಾಕ್ಟರ್ ಕ್ಯಾಪ್ಟನ್ ಆಗಿದ್ದರು. ಎರಡನೇ ಸಲ ಮೇಜರ್. ಹೋದ ವರ್ಷ ಕರ್ನಲ್. ಪ್ರತಿ ಸಲ ಹೇಳುವಾಗ ಅವರಿಗೆ ಪ್ರಮೋಷನ್ ಆಗುತ್ತಿದೆ, ಇನ್ನೆರಡು ಮಳೆಗಾಲಕ್ಕೆ ಜನರಲ್ ಆದರೂ ಆಶ್ಚರ್ಯ ಇಲ್ಲ. ಆದರೆ ಪಾಯಸ, ಬಾಟಲಿ, ಅವ್ವ, ರಾತ್ರಿ ಬಸ್ಸು ಒಮ್ಮೆಯೂ ಬದಲಾಗಿಲ್ಲ.

ನನ್ನ ಮಟ್ಟಿಗೆ ಇಷ್ಟು ರಿಯಾಯಿತಿ ಕೊಡಬಹುದು. ಹೊಟ್ಟೆ ಹುಣ್ಣಾಗುವಷ್ಟು ನಗಿಸಲು ಡಾಕ್ಟರಿಗೆ ಒಂದು ನಕ್ಷತ್ರ ಜಾಸ್ತಿ ಹಾಕಿದರೆ ಯಾರಿಗೂ ನಷ್ಟ ಇಲ್ಲ. ಆಗದೇ ಇರುವುದನ್ನು ಆಯಿತು ಅಂದರೆ ಮಾತ್ರ ತಪ್ಪು. ಇದೇ ಮಾವ ಜೀವನಚರಿತ್ರೆಯಲ್ಲಿ ಒಬ್ಬ ಬ್ರಿಗೇಡಿಯರ್‌ನನ್ನು ಕರ್ನಲ್ ಅಂತ ಬರೆದದ್ದಕ್ಕೆ ಒಂದಿಡೀ ಸಂಜೆ ಸಿಟ್ಟಾಗಿದ್ದರು. ಅದೂ ಸರಿಯೇ.

ತೋಟದ ಜೀವನದ ಬಗ್ಗೆ ನಗೆ ಪುಸ್ತಕಗಳು ಚೆನ್ನಾಗಿರುತ್ತವೆ ಅಲ್ವಾ?

ಕೆಲವು. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ದೊರೆಗಳ, ಅಂದರೆ ಬಿಳಿಯ ತೋಟದ ಯಜಮಾನರ, ಕಾಲದ ತೋಟದ ನೆನಪು ಅಂತ ಒಂದು ಜಾತಿ ಪುಸ್ತಕ ಇದೆ. ಅದರಲ್ಲಿ ಬಟ್ಲರನ ಇಂಗ್ಲಿಷ್ ಒಂದು ಜೋಕ್, ಕೂಲಿಯವನು ಆನೆ ಕಂಡು ಓಡಿದ್ದು ಒಂದು ಜೋಕ್, ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆ) ಹೆಂಗಸರ ಜಗಳ ಒಂದು ಜೋಕ್. ಅಂಥ ಒಂದನ್ನು ನಾಲ್ಕನೇ ವರ್ಷ ಗಟ್ಟಿಯಾಗಿ ಓದುತ್ತಿದ್ದೆವು. ಓದುತ್ತಿದ್ದವನು ನಾನೇ, ಧ್ವನಿ ಬದಲಿಸಿ ಬಟ್ಲರನ ಹಾಗೆ ಮಾತಾಡಿ ಎಲ್ಲ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಮ್ಮ ಜೊತೆ ಒಬ್ಬ ಅಕ್ಕ ಇದ್ದಾರೆ, ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದು ಈಗ ಅಂಗನವಾಡಿಯಲ್ಲಿ ಕೆಲಸ. ಅವರು ಕಾಫಿ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದರು. ಮುಗಿದ ಮೇಲೆ "ಆನೆ ಬಂದಾಗ ದೊರೆ ಎಲ್ಲಿದ್ದರಂತೆ?" ಅಂತ ಕೇಳಿದರು. ಪುಟ ತಿರುಗಿಸಿ ನೋಡಿದೆ. ದೊರೆ ಜೀಪಿನೊಳಗಿದ್ದರು.

ಆನೆ ಈಗಲೂ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಹಾಜರಿಗೆ ನಡೆದು ಬರುವವರು ಯಾರು, ಜೀಪಿನಲ್ಲಿ ಬರುವವರು ಯಾರು ಅಂತ ನನಗೆ ದಿನಾ ಕಾಣುತ್ತದೆ. ಓಡಿದವನೇ ತಾನು ಹೇಗೆ ಓಡಿದೆ ಅಂತ ಬರೆದರೆ ಬಿದ್ದು ಬಿದ್ದು ನಗುತ್ತೇನೆ. ಆ ಪುಸ್ತಕವನ್ನು ಮಾತ್ರ ನಾವು ಮುಂದಕ್ಕೆ ಓದಲಿಲ್ಲ.

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನನ್ನದೇ ತಪ್ಪಾ?

ಇಲ್ಲ. ಮೂವತ್ತು ಪುಟ ಓದಿ, ಒಂದು ಸಲವೂ ಮುಗುಳ್ನಗೆ ಬರದಿದ್ದರೆ ಬೇರೆಯವರಿಗೆ ಕೊಟ್ಟುಬಿಡಿ. ಜೀವನಚರಿತ್ರೆಗೆ ನೂರು ಪುಟ ಕೊಡಿ, ಮೊದಲ ನಾಲ್ಕು ತಲೆಮಾರು ದಾಟುವವರೆಗೆ ಅದು ಹಾಗೇ ಒಣಗಿರುತ್ತದೆ.

ಉಡುಗೊರೆ ಕೊಡಲು ಯಾವುದು?

ನಿವೃತ್ತರಾಗುವವರಿಗೆ ಜೀವನಚರಿತ್ರೆ. ಹೊಸ ಮದುಮಕ್ಕಳಿಗೆ ಎರಡೂ ಬೇಡ, ಕುಕ್ಕರ್ ಕೊಡಿ. ಆಸ್ಪತ್ರೆಯಲ್ಲಿ ಮಲಗಿದವರಿಗೆ ನಗಿಸುವ ಪುಸ್ತಕ, ಆದರೆ ಹೊಟ್ಟೆಯ ಆಪರೇಷನ್ ಆದವರಿಗೆ ಮಾತ್ರ ಹೊಲಿಗೆ ಬಿಚ್ಚುವವರೆಗೆ ಕೊಡಲೇಬೇಡಿ. ನನ್ನ ಭಾವನಿಗೆ ಕೊಟ್ಟು ಅಕ್ಕನ ಕೈಲಿ ಬೈಸಿಕೊಂಡಿದ್ದೇನೆ.

ನಾನೇ ಬರೆಯಬೇಕು ಅಂತಿದ್ದೇನೆ. ಅಜ್ಜನ ಜೀವನಚರಿತ್ರೆಯೋ, ನನ್ನ ನೆನಪೋ?

ವರ್ಷಕ್ಕೆ ನಾಲ್ಕಾದರೂ ಇಂಥ ಫೋನ್ ಬರುತ್ತದೆ. ಕೊಡಗಿನಲ್ಲಿ ಎರಡು ಮನೆಗೊಬ್ಬರು ಸೇನೆಯಲ್ಲಿದ್ದ ಅಜ್ಜ ಇರುತ್ತಾರೆ ಅಲ್ವಾ. ನಾನು ಮೊದಲು ಕೇಳುವುದು, ಅಜ್ಜನ ಕಾಗದ ಏನಿದೆ? ಸೇನೆಯಿಂದ ಬಿಡುಗಡೆಯಾದ ಪುಸ್ತಕ, ಪೆನ್ಷನ್ ಕಾಗದ, ಪತ್ರಗಳು, ಜಮ್ಮಾ ಜಾಗದ (ವಂಶಪಾರಂಪರ್ಯದ ಜಮೀನು) ದಾಖಲೆ, ಹಿಂದೆ ತಾರೀಕು ಬರೆದ ಫೋಟೋ. ಇವು ಇದ್ದರೆ ಜೀವನಚರಿತ್ರೆಗೆ ಕೈ ಹಾಕಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಎಷ್ಟೋ ಮನೆಗಳೇ ಹೋದವು, ಮನೆ ಜೊತೆ ಟ್ರಂಕೂ ಹೋಯಿತು. ಹಾಗಾಗಿ ಬರೆಯುವುದು ಆಮೇಲೆ, ಇವತ್ತೇ ಎಲ್ಲದರ ಫೋಟೋ ತೆಗೆದು ಎರಡು ಕಡೆ ಇಡಿ.

ಕಾಗದ ಇಲ್ಲ, ಬರೀ ಅಜ್ಜ ಹೇಳಿದ ಮಾತು ಮಾತ್ರ ಇದೆ ಅಂದರೆ ನೆನಪನ್ನೇ ಬರೆಯಿರಿ. ಆದರೆ ಅಜ್ಜನ ಬಗ್ಗೆ ನಿಮ್ಮ ನೆನಪು ಬರೆಯಿರಿ. ಅಜ್ಜ ಬರ್ಮಾದಲ್ಲಿ ಏನು ಮಾಡಿದರು ಅಂತ ನಿಮಗೆ ಗೊತ್ತಿಲ್ಲ. ಅಜ್ಜ ಬರ್ಮಾದ ಕಥೆ ಹೇಳುವಾಗ ಅಜ್ಜಿ ಒಳಗಿಂದ "ಶುರುವಾಯ್ತು" ಅಂತ ಗೊಣಗುತ್ತಿದ್ದರಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತು.

ಬದುಕಿರುವ ನೆಂಟರ ಬಗ್ಗೆ ತಮಾಷೆ ಬರೆದರೆ ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳಿ. ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಒಂದೇ ಮನೆಯಲ್ಲಿ ಸೇರಬೇಕು, ನೆನಪಿರಲಿ.

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತೆ. ಏನಾದರೂ ಉಪಾಯ?

ಪ್ರಶ್ನೆ ಸಂಬಂಧ ಇಲ್ಲದ್ದು, ಆದರೆ ಎಲ್ಲಕ್ಕಿಂತ ಜಾಸ್ತಿ ಕೇಳುವುದು ಇದನ್ನೇ. ಕಪಾಟಿನೊಳಗೆ ಹಳೇ ಕಾಲದ ತಂತಿ ಬಲ್ಬು ಒಂದನ್ನು ಪುಸ್ತಕಕ್ಕೆ ತಾಗದ ಹಾಗೆ ಹಾಕಿ ದಿನಾ ಸ್ವಲ್ಪ ಹೊತ್ತು ಉರಿಸಿ. ಎಲ್‌ಇಡಿ ಹಾಕಿ "ಆಗ್ತಿಲ್ಲ" ಅಂತ ಫೋನ್ ಮಾಡಬೇಡಿ, ಅದು ಅಷ್ಟು ಬಿಸಿಯಾಗುವುದಿಲ್ಲ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಬಿಸಿಲು ಬಂದ ದಿನ, ಬಂದರೆ, ನೆರಳಲ್ಲಿ ಹರಡಿ.

ಜೀವನಚರಿತ್ರೆ ಓದಿದ ಮೇಲೆ ನೋಡಬೇಕಾದ ಜಾಗಗಳು?

ರಾಜರ ಬಗ್ಗೆ ಓದಿದರೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಅರಮನೆ ಅಂದ ತಕ್ಷಣ ಮೈಸೂರು ನೆನಪು ಮಾಡಿಕೊಂಡು ಹೋದರೆ ನಿರಾಸೆ ಆಗುತ್ತದೆ, ದೊಡ್ಡ ಮನೆ ಅಷ್ಟೆ. ಆದರೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಾಡಿನ ನಡುವೆ ಯಾಕೆ ಕಟ್ಟಿಸಿದ ಅಂತ ಅಲ್ಲಿ ನಿಂತರೆ ಅರ್ಥ ಆಗುತ್ತದೆ. ಮಡಿಕೇರಿಯ ಗದ್ದಿಗೆಯಲ್ಲಿ ರಾಜರ ಸಮಾಧಿಗಳಿವೆ. ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಿಂದ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ನಗಿಸುವ ಪುಸ್ತಕ ಓದಿದ ಮೇಲೆ ಎಲ್ಲಿಗೂ ಹೋಗಬೇಕಾಗಿಲ್ಲ.

ಈ ಮಳೆಗಾಲ ನೀವು ಏನು ಓದುತ್ತಿದ್ದೀರಿ?

ಮತ ಹಾಕಿದೆವು, ಏಳಕ್ಕೆ ಏಳು. ಚೀಟಿ ಎತ್ತಿದಾಗ ಜೀವನಚರಿತ್ರೆ ಬಂತು. ನಾನು ಇನ್ನೂ ಕವರ್ ಹಾಕಿಲ್ಲ. ಸುಬೇದಾರ್ ಮಾವ ಆಗಲೇ ಹನ್ನೆರಡನೇ ಪುಟದಲ್ಲಿ ಒಂದು ತಪ್ಪು ಹಿಡಿದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಬೆಳಗ್ಗಿನ ಜಾವ ಐದೂವರೆಗೆ ಫೋಟೋ ಕಳಿಸಿದ್ದಾರೆ.